ನಾಲ್ಕು ದಶಮಾಂಶದ ಇಂಜಿನಿಯರುಗಳು

ನಮ್ಮ ಕಡೆ ಇಂಜಿನಿಯರಿಂಗ್ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ, ‘ಎಕ್ಸ್ ಲಾಗ್ ಎಕ್ಸ್ ಈಸ್ ಈಕ್ವಲ್ ಟು 1.2’ ಅಂತ ಹೇಳಿ ನೋಡಿ. ಕಣ್ಣು ಬಿಡೋ ಮೊದಲೇ ಉತ್ತರ ಬರುತ್ತೆ: ‘ರೂಟು ಎರಡು ಮತ್ತು ಮೂರರ ನಡುವೆ, 2.7406’. ರೆಗ್ಯುಲಾ ಫಾಲ್ಸಿಯಲ್ಲೋ ನ್ಯೂಟನ್-ರಾಫ್ಸನ್ನಲ್ಲೋ ಅಂತ ಮಾತ್ರ ಕೇಳುತ್ತಾರೆ. ‘ಇದು ಯಾವ ಕೆಲಸಕ್ಕೆ ಬರುತ್ತೆ?’ ಅಂತ ಕೇಳಿ. ಮುಸುಕೆಳೆದು ಮತ್ತೆ ಮಲಗುತ್ತಾರೆ.

ನಾನೂ ಹಾಗೇ ಮಲಗಿದ್ದವನು. ಊರು ಅಂಕೋಲಾ. ಓದಿದ್ದು ಸಿವಿಲ್. ಹನ್ನೊಂದು ವರ್ಷದಿಂದ ಬೆಂಗಳೂರಿನ ಡಿಸೈನ್ ಆಫೀಸುಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಗೋಡೆ, ಅಡಿಪಾಯ, ಇಳಿಜಾರುಗಳ ಲೆಕ್ಕ ಮಾಡುತ್ತಿದ್ದೇನೆ. ನ್ಯೂಮರಿಕಲ್ ಮೆಥಡ್ಸಿನಲ್ಲಿ ನನಗೆ ನೂರಕ್ಕೆ ತೊಂಬತ್ನಾಲ್ಕು ಬಂದಿತ್ತು. ಆ ತೊಂಬತ್ನಾಲ್ಕು ಎಷ್ಟು ಪೊಳ್ಳು ಅನ್ನೋದನ್ನ ಹೇಳೋಕೇ ಇದನ್ನು ಬರೆಯುತ್ತಿರೋದು.

2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿಯ ಸಂಸಾರ, ಅಲ್ಲಿ ನಿಂತಿದ್ದ ಲಾರಿ, ಟ್ಯಾಂಕರು ಎಲ್ಲವನ್ನೂ ಗಂಗಾವಳಿ ಹೊಳೆಗೆ ನೂಕಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಹನ್ನೊಂದು ಜನ ಹೋದರು. ಕೇರಳದ ಚಾಲಕನ ಲಾರಿಯನ್ನು ಹೊಳೆಯಿಂದ ಎತ್ತಿದ್ದು ಎಪ್ಪತ್ತೊಂದು ದಿನ ಕಳೆದು, ಸೆಪ್ಟೆಂಬರ್ 25ಕ್ಕೆ. ಇದರ ಮಧ್ಯೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆಯೂ ಕುಸಿದು ಬಿತ್ತು.

ಆ ಚೌತಿಗೆ ಊರಿಗೆ ಹೋದಾಗ ಚಿಕ್ಕಮ್ಮ ಕೇಳಿದಳು, ‘ತಮಾ, ನೀ ಇಂಜಿನಿಯರ್ ಅಲ್ವನಾ? ಗುಡ್ಡ ಬೀಳ್ತದೆ ಅಂತ ನಿಮ್ಗೆಲ್ಲ ಲೆಕ್ಕದಲ್ಲಿ ಗೊತ್ತಾಗೂದಿಲ್ವನಾ?’

ನಾನು ಮಳೆ, ಮಣ್ಣು, ಪ್ರಕೃತಿ ಅಂತ ಏನೋ ಹೇಳಿ ಎದ್ದು ಹೋದೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆಯಾಗಿತ್ತು.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಬಿಡ್ತೀನಿ. ನ್ಯೂಟನ್-ರಾಫ್ಸನ್ ಸರಿಯಾಗಿ ಕಲಿಸದ್ದಕ್ಕೆ ಶಿರೂರಿನ ಗುಡ್ಡ ಬಿತ್ತು ಅಂತ ನಾನು ಹೇಳುತ್ತಿಲ್ಲ. ರಸ್ತೆ ಅಗಲ ಮಾಡುವಾಗ ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದ್ದನ್ನು ದಿನಾ ಬಸ್ಸಲ್ಲಿ ಹೋಗುವವರೆಲ್ಲ ನೋಡಿದ್ದರು. ಯಾರು ಹೊಣೆ ಅನ್ನೋದು ಬೇರೆಯದೇ ಲೇಖನ. ನನ್ನ ಜಗಳ ಇರೋದು ಮುಂದಿನ ಗುಡ್ಡದ ಬಗ್ಗೆ. ಅದರ ಲೆಕ್ಕ ಮಾಡಲಿರುವ ಹುಡುಗ ಹುಡುಗಿಯರು ಈಗ ಎರಡನೇ ಸೆಮಿಸ್ಟರಿನಲ್ಲಿದ್ದಾರೆ. ಅವರಿಗೆ ನಾವು ಏನು ಕಲಿಸುತ್ತಿದ್ದೇವೆ?

ಗುಡ್ಡದ ಲೆಕ್ಕ ಹೇಗೆ ಮಾಡ್ತಾರೆ ನೋಡಿ. ಜಾರಬಹುದಾದ ಮಣ್ಣಿನ ಮುದ್ದೆಯನ್ನು ಬ್ರೆಡ್ಡಿನ ಹಾಗೆ ಉದ್ದುದ್ದ ಹೋಳು ಮಾಡಿ, ಪ್ರತಿ ಹೋಳಿನಲ್ಲೂ ಕೆಳಕ್ಕೆಳೆಯುವ ಬಲ ಎಷ್ಟು, ಹಿಡಿದಿಡುವ ಬಲ ಎಷ್ಟು ಅಂತ ಕೂಡಿಸೋದು. ಹಿಡಿಯುವುದನ್ನು ಎಳೆಯುವುದರಿಂದ ಭಾಗಿಸಿದರೆ ಫ್ಯಾಕ್ಟರ್ ಆಫ್ ಸೇಫ್ಟಿ. ಒಂದಕ್ಕಿಂತ ಕೆಳಗೆ ಬಂದರೆ ಗುಡ್ಡ ನಿಲ್ಲೋದಿಲ್ಲ. 1955ರಲ್ಲಿ ಬಿಷಪ್ ಅನ್ನೋ ಇಂಗ್ಲಿಷ್ ಮಣ್ಣಿನ ತಜ್ಞ ಇದಕ್ಕೊಂದು ವಿಧಾನ ಕೊಟ್ಟ. ಅದರಲ್ಲಿ ನಾವು ಹುಡುಕುವ ಸಂಖ್ಯೆ ಸಮೀಕರಣದ ಎರಡೂ ಕಡೆ ಕೂತಿದೆ. ಹಾಗಾಗಿ ಒಂದು ಅಂದಾಜು ಹಾಕಬೇಕು, ಬಂದ ಉತ್ತರವನ್ನು ಮತ್ತೆ ಒಳಗೆ ಹಾಕಬೇಕು, ಎರಡೂ ಒಂದಕ್ಕೊಂದು ಕೂಡುವವರೆಗೆ ಬಿಡಬಾರದು. ಅಂದರೆ ಏನು? ಅದೇ 2.7406ರ ಆಟ! ನಾವು ಎರಡನೇ ಸೆಮಿಸ್ಟರಿನಲ್ಲಿ ಉಸಿರು ಕಟ್ಟಿ ಬಾಯಿಪಾಠ ಮಾಡಿದ ಇಟರೇಷನ್ನೇ ಆರನೇ ಸೆಮಿಸ್ಟರಿನಲ್ಲಿ ಗುಡ್ಡವನ್ನು ಹಿಡಿದುಕೊಂಡಿತ್ತು. ಅದು ಇದೇ ಅಂತ ಯಾರೂ ಹೇಳಲಿಲ್ಲ. ಯಾಕಂದ್ರೆ ಮೊದಲನೆಯದನ್ನು ಕಲಿಸಿದವರು ಗಣಿತ ವಿಭಾಗದವರು, ಎರಡನೆಯದನ್ನು ಕಲಿಸಿದವರು ಸಿವಿಲ್‌ನವರು. ಎರಡು ವಿಭಾಗಗಳ ನಡುವೆ ಇದ್ದದ್ದು ಒಂದು ಕಾರಿಡಾರು, ಅಷ್ಟೇ.

ಕಳೆದ ವರ್ಷ ಕರಾವಳಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯನೊಬ್ಬ ಎರಡು ದಿನದ ಕಾರ್ಯಾಗಾರಕ್ಕೆ ಕರೆದಿದ್ದ. ನಾನು ಒಂದೇ ಸಾಲಿನ ಸೂತ್ರದ, ಅತೀ ಸರಳ ಇಳಿಜಾರಿನ ಲೆಕ್ಕ ಕೊಟ್ಟೆ. 30 ಡಿಗ್ರಿ ಇಳಿಜಾರು, 4 ಮೀಟರ್ ದಪ್ಪದ ಮಣ್ಣು, ಘನ ಮೀಟರಿಗೆ 19 ಕಿಲೋನ್ಯೂಟನ್ ತೂಕ, ಅಂಟುಗುಣ 12 ಕಿಲೋಪಾಸ್ಕಲ್, ಘರ್ಷಣೆಯ ಕೋನ 30 ಡಿಗ್ರಿ. ಐದೇ ನಿಮಿಷಕ್ಕೆ ಇಡೀ ಕ್ಲಾಸಿನಿಂದ ಒಂದೇ ಉತ್ತರ: 1.3646. ನಾಲ್ಕು ದಶಮಾಂಶ. ಪಕ್ಕಾ.

‘ಗುಡ್ಡ ಸೇಫಾ?’ ಅಂದೆ. ‘ಸೇಫ್ ಸಾರ್!’

‘ಮಳೆ ಬಂತು. ಮಣ್ಣಿನ ಅರ್ಧ ಎತ್ತರದವರೆಗೆ ನೀರು ತುಂಬಿತು. ಈಗ ಮಾಡಿ.’ 1.11 ಬಂತು. ‘ಇದು ನಮ್ಮ ಜುಲೈ ಮಳೆ. ಪೂರ್ತಿ ತುಂಬಿ ಇಳಿಜಾರಿಗುಂಟ ಹರೀತಾ ಇದೆ.’ 0.85. ಕ್ಲಾಸು ತಣ್ಣಗಾಯಿತು. ‘ಮಳೆ ಬಿಡಿ, ಒಣ ಗುಡ್ಡಾನೇ ಇರಲಿ. ಲ್ಯಾಬಿನವರು ಕೊಟ್ಟ 12 ನಿಜವಾಗಿ 6 ಆಗಿದ್ರೆ?’ 1.18.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ್, ಮೊದಲನೇ ದಶಮಾಂಶವೇ ಗ್ಯಾರಂಟಿ ಇಲ್ಲ ಅಂದ್ರೆ ನಾಲ್ಕನೇದು ಯಾಕೆ ಬರೀಬೇಕು?’

ಎರಡು ದಿನದಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಅದು. ಉತ್ತರ ಕೊಟ್ಟದ್ದು ನಾನಲ್ಲ, ನನ್ನ ಗೆಳೆಯ. ‘ಬರೀದಿದ್ರೆ ಮಾರ್ಕ್ಸ್ ಕಟ್ಟಾಗ್ತದೆ.’ ತಮಾಷೆಗೆ ಹೇಳಿದ್ದಲ್ಲ, ಪಾಪ.

ನಮ್ಮ ರೋಗ ಇರೋದು ಇಲ್ಲೇ. ನ್ಯೂಮರಿಕಲ್ ಮೆಥಡ್ಸ್ ಅನ್ನೋದು ಅಂದಾಜಿನ ಶಾಸ್ತ್ರ. ಸರಿಯಾದ ಉತ್ತರ ಸಿಗೋದಿಲ್ಲ ಅಂತ ಒಪ್ಪಿಕೊಂಡ ಮೇಲೆ ಎಷ್ಟು ಹತ್ತಿರ ಹೋಗಬಹುದು, ಎಷ್ಟು ದೂರ ಉಳಿದಿದ್ದೇವೆ ಅಂತ ತಿಳಿಯುವ ವಿದ್ಯೆ. ಅದರಲ್ಲಿ ಆ ‘ಎಷ್ಟು ದೂರ’ ಅನ್ನೋದನ್ನೇ ಕತ್ತರಿಸಿ ಬಿಸಾಕಿ, ಉಳಿದ ಸೂತ್ರಗಳನ್ನು ಪಂಚಾಂಗದ ಹಾಗೆ ಕಲಿಸುತ್ತಿದ್ದೇವೆ. ಸಿಂಪ್ಸನ್ ಮೂರನೇ ಒಂದು, ಸಿಂಪ್ಸನ್ ಎಂಟನೇ ಮೂರು, ರುಂಗೆ-ಕುಟ್ಟ, ಮಿಲ್ನೆ. ಯಾವುದಕ್ಕೆ ಯಾವ ಸೂತ್ರ ಅಂತ ಪ್ರಶ್ನೆಪತ್ರಿಕೆಯಲ್ಲೇ ಬರೆದಿರುತ್ತೆ. ವಿದ್ಯಾರ್ಥಿ ಮಾಡಬೇಕಾದ್ದು ಕ್ಯಾಲ್ಕುಲೇಟರ್ ಒತ್ತೋದು. ಅನುಮಾನಪಡುವ ಒಂದು ಕ್ಷಣವೂ ಮೂರು ಗಂಟೆಯ ಪರೀಕ್ಷೆಯಲ್ಲಿಲ್ಲ.

ನನ್ನ ಕಥೆಯನ್ನೂ ಹೇಳ್ತೀನಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಮಲೆನಾಡಿನ ಒಂದು ರಸ್ತೆಯ ಕಟಿಂಗಿಗೆ ಲೆಕ್ಕ ಮಾಡಿ ರಿಪೋರ್ಟ್ ಕೊಟ್ಟೆ. ಸಾಫ್ಟ್‌ವೇರ್ 1.52 ಅಂದಿತ್ತು. ಬಣ್ಣಬಣ್ಣದ ಚಿತ್ರ, ನೂರಾರು ವೃತ್ತ, ಅದರಲ್ಲಿ ಅತೀ ಅಪಾಯದ ವೃತ್ತ ಕೆಂಪು. ನಮ್ಮ ಹಿರಿಯರೊಬ್ಬರು ಕನ್ನಡಕ ಏರಿಸಿ ಎರಡೇ ಪ್ರಶ್ನೆ ಕೇಳಿದರು. ‘ವಾಟರ್ ಟೇಬಲ್ ಎಲ್ಲಪ್ಪಾ?’ ನಾನು ಹಾಕೇ ಇರಲಿಲ್ಲ. ಬೋರ್‌ಹೋಲ್ ತೋಡಿದ್ದು ಮಾರ್ಚಿನಲ್ಲಿ, ನೀರು ಸಿಕ್ಕಿರಲಿಲ್ಲ. ‘ಜಾರೋ ಮಣ್ಣು ವೃತ್ತಾಕಾರದಲ್ಲೇ ಜಾರುತ್ತೆ ಅಂತ ನಿಂಗೆ ಹೇಳಿದ್ಯಾರು?’ ನಮ್ಮ ಕರಾವಳಿಯ ಗುಡ್ಡಗಳನ್ನೇ ನೋಡಿ. ಮೇಲೆ ಗಟ್ಟಿ ಕೆಂಪುಕಲ್ಲು, ಕೆಳಗೆ ಬಿಳಿ-ಹಳದಿ ಶೇಡಿ ಮಣ್ಣು. ಒಣಗಿದ್ದಾಗ ಬಂಡೆಯ ಹಾಗೆ ನಿಲ್ಲುವ ಶೇಡಿ, ನೀರು ಕುಡಿದರೆ ಬಲ ಕಳಕೊಳ್ಳುತ್ತೆ. ಅಂಥಲ್ಲಿ ಗುಡ್ಡ ಆ ಪದರದ ಉದ್ದಕ್ಕೂ ಜಾರಬಹುದು. ನನ್ನ ಸಾಫ್ಟ್‌ವೇರ್ ನೂರಾರು ವೃತ್ತ ಹುಡುಕಿ, ವೃತ್ತವಲ್ಲದ ಒಂದನ್ನು ನೋಡೇ ಇರಲಿಲ್ಲ. ನೋಡು ಅಂತ ನಾನು ಹೇಳಿರಲಿಲ್ಲ. ಆ ರಿಪೋರ್ಟ್ ಹಾಗೇ ಹೋಗಿದ್ದರೆ? ಒಬ್ಬ ಮನುಷ್ಯನ ಅನುಮಾನ ಅದನ್ನು ತಡೆಯಿತು. ನನ್ನ ತೊಂಬತ್ನಾಲ್ಕು ಮಾರ್ಕು ತಡೆಯಲಿಲ್ಲ.

ಇದು ನಮ್ಮ ಬಡತನದ ಕಥೆ ಮಾತ್ರ ಅಂದುಕೊಳ್ಳಬೇಡಿ. 1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ಅನ್ನೋ ತೈಲ ವೇದಿಕೆಯ ದೈತ್ಯ ಕಾಂಕ್ರೀಟ್ ಬುಡ ಪರೀಕ್ಷೆಯ ವೇಳೆ ಸಮುದ್ರದಲ್ಲಿ ಮುಳುಗಿಹೋಯಿತು. ಕಾರಣ ಹುಡುಕಿದರೆ, ಕಂಪ್ಯೂಟರಿನ ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಜಾಲರಿ ಒರಟಾಗಿತ್ತು. ಗೋಡೆಯ ಮೇಲಿನ ಕತ್ತರಿ ಒತ್ತಡ ಶೇಕಡಾ 47ರಷ್ಟು ಕಡಿಮೆ ತೋರಿಸಿತ್ತು. ಆಮೇಲೆ ಎಚ್ಚರಿಕೆಯಿಂದ ಲೆಕ್ಕ ಮಾಡಿದಾಗ, ಅದು 62 ಮೀಟರ್ ಆಳದಲ್ಲಿ ಒಡೆಯಬೇಕು ಅಂತ ಬಂತು. ನಿಜಕ್ಕೂ ಒಡೆದದ್ದು 65 ಮೀಟರಿನಲ್ಲಿ. ಅಂದರೆ ವಿದ್ಯೆ ಇತ್ತು, ಯಂತ್ರವೂ ಇತ್ತು. ಬಂದ ಸಂಖ್ಯೆಯನ್ನು ಅನುಮಾನಿಸುವ ಕೆಲಸ ಆಗಿರಲಿಲ್ಲ.

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು. ‘ಸಾಫ್ಟ್‌ವೇರೇ ಮಾಡುತ್ತೆ, ಇನ್ನು ಕೈಯಲ್ಲಿ ಯಾಕೆ?’ ಸ್ವಾಮಿ, ಕೈಯಲ್ಲಿ ಮಾಡಿ ಅಂತ ನಾನೂ ಹೇಳುತ್ತಿಲ್ಲ. ಕಾರು ತಾನೇ ಓಡುತ್ತೆ ಅಂತ ಬ್ರೇಕು ಎಲ್ಲಿದೆ ಅಂತ ತಿಳಿಯದೆ ಹತ್ತುತ್ತೀರಾ? ‘ಈಗ ಪೈಥಾನ್ ಲ್ಯಾಬ್ ಬಂದಿದೆಯಲ್ಲ?’ ಬಂದಿದೆ, ಸಂತೋಷ. ನಾನು ನೋಡಿದ ಲ್ಯಾಬಿನಲ್ಲಿ ಹತ್ತು ಪ್ರೋಗ್ರಾಮು, ಅರವತ್ತು ರೆಕಾರ್ಡ್ ಬುಕ್ಕು, ಎಲ್ಲದರಲ್ಲೂ ಒಂದೇ ಸ್ಪೆಲಿಂಗ್ ಮಿಸ್ಟೇಕು. ‘ಹೇಗೂ ಅರ್ಧ ಜನ ಐಟಿಗೆ ಹೋಗ್ತಾರೆ.’ ಹೋಗಲಿ. ಉಳಿದರ್ಧ ಜನ ನಿಮ್ಮ ಅಪಾರ್ಟ್‌ಮೆಂಟು, ನಿಮ್ಮ ಮೆಟ್ರೋ ಪಿಲ್ಲರು, ನೀವು ವೀಕೆಂಡಿಗೆ ಗೋಕರ್ಣಕ್ಕೆ ಬರೋ ರಸ್ತೆಯನ್ನು ಡಿಸೈನ್ ಮಾಡ್ತಾರೆ.

ಬದಲಾವಣೆಗೆ ಕೋಟಿಗಟ್ಟಲೆ ದುಡ್ಡು ಬೇಡ. ಒಂದು, ಈ ವಿಷಯವನ್ನು ಗಣಿತದವರೂ ಸಿವಿಲ್‌ನವರೂ ಒಂದೇ ಕೋಣೆಯಲ್ಲಿ ನಿಂತು ಕಲಿಸಲಿ. ಇಂಟಿಗ್ರೇಷನ್ ಬಂದಾಗ ಗುಡ್ಡ ಕಡಿದ ಮಣ್ಣು ಎಷ್ಟು ಘನ ಮೀಟರ್ ಅಂತ ಸಿಂಪ್ಸನ್ ಸೂತ್ರದಲ್ಲಿ ಲೆಕ್ಕ ಹಾಕಿಸಲಿ. ರೂಟು ಬಂದಾಗ ಗಂಗಾವಳಿಯಂಥ ಹೊಳೆಗೆ ಇಷ್ಟು ನೀರು ಬಂದರೆ ಎಷ್ಟು ಎತ್ತರಕ್ಕೆ ಹರಿಯುತ್ತೆ ಅಂತ ಮ್ಯಾನಿಂಗ್ ಸೂತ್ರದಿಂದ ಹುಡುಕಿಸಲಿ. ಎರಡು, ಯಾವ ಉತ್ತರವನ್ನೂ ಒಂಟಿಯಾಗಿ ಬರೆಯಲು ಬಿಡಬೇಡಿ. ‘1.36, ನೀರು ತುಂಬಿದರೆ 0.85’ ಅಂತ ಬರೆದವನಿಗೆ ಪೂರ್ತಿ ಮಾರ್ಕು, ‘1.3646’ ಅಂತ ಮಾತ್ರ ಬರೆದವನಿಗೆ ಅರ್ಧ. ಮೂರು, ಪರೀಕ್ಷೆಯಲ್ಲಿ ಒಂದಾದರೂ ಪ್ರಶ್ನೆ ಹೀಗಿರಲಿ: ಇದು ಸಾಫ್ಟ್‌ವೇರ್ ಕೊಟ್ಟ ಉತ್ತರ, ಇದರಲ್ಲಿ ತಪ್ಪಿದೆ, ಹುಡುಕಿ.

ಇದು ನಾಳೆಯ ಮಾತಲ್ಲ. ಕೇಣಿಯಲ್ಲಿ ಬಂದರು ಬೇಕು ಅನ್ನುವವರಿದ್ದಾರೆ, ಬೇಡ ಅನ್ನುವ ಮೀನುಗಾರರಿದ್ದಾರೆ. ಅಲಗೇರಿಯಲ್ಲಿ ವಿಮಾನ ನಿಲ್ದಾಣ, ಘಟ್ಟ ಸೀಳಿ ಹುಬ್ಬಳ್ಳಿ-ಅಂಕೋಲಾ ರೈಲು. ಒಂದೇ ತಾಲೂಕಿನ ಮೇಲೆ ಇಷ್ಟೊಂದು ನಕ್ಷೆಗಳಿವೆ. ಪ್ರತಿಯೊಂದರ ಹಿಂದೆಯೂ ಒಂದು ಫೈಲು, ಫೈಲಿನಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳುವವರು ಸಭೆಯಲ್ಲಿ ಒಬ್ಬರಾದರೂ ಇರಬೇಕಲ್ಲ? ಊರಿನವರು ಕೇಳಿದರೆ ‘ಟೆಕ್ನಿಕಲ್ ವಿಷಯ, ನಿಮಗೆ ಗೊತ್ತಾಗಲ್ಲ’ ಅಂತಾರೆ. ಟೆಕ್ನಿಕಲ್ ಓದಿದವರಿಗಾದರೂ ಗೊತ್ತಾಗಲಿ.

ಈಗಲೂ ಊರಿಗೆ ಹೋಗುವಾಗ ಬಸ್ಸು ಶಿರೂರು ದಾಟುತ್ತೆ. ಒಳಗಿದ್ದವರೆಲ್ಲ ಮಾತು ನಿಲ್ಲಿಸಿ ಒಮ್ಮೆ ಗುಡ್ಡದ ಕಡೆ, ಒಮ್ಮೆ ಹೊಳೆಯ ಕಡೆ ನೋಡುತ್ತಾರೆ. ಚಿಕ್ಕಮ್ಮನ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ಲೆಕ್ಕದಲ್ಲಿ ಗೊತ್ತಾಗ್ತದೆ ಚಿಕ್ಕಮ್ಮ, ‘ನೀರು ಬಂದ್ರೆ ಏನಾಗ್ತದೆ?’ ಅಂತ ಯಾರಾದ್ರೂ ಕೇಳಿದ್ರೆ. ನಾವು ಅದನ್ನೊಂದು ಬಿಟ್ಟು ಉಳಿದೆಲ್ಲ ಕಲಿತಿದ್ದೇವೆ.