ಪೇಟಿ ಮಾಸ್ತರರ ನಾದ ಯಾರ ಮನೆಯಲ್ಲಿದೆ?

ಬೆಳಗಾವಿಯ ಪಂ. ರಾಮಭಾವು ವಿಜಾಪುರೆಯವರ ಹಾರ್ಮೋನಿಯಂ, ಅಂದರೆ ಪೇಟಿ ವಾದನದ ಹಳೆಯ ಧ್ವನಿಮುದ್ರಣ ಹುಡುಕಹೊರಟವರಿಗೆ ಸಿಗುವುದು ತೀರ ಅಲ್ಪ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, 2010ರಲ್ಲಿ ತೀರಿಕೊಂಡ ಇವರು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯಂಥವರಿಗೆ ಸಾಥ್ ಕೊಟ್ಟವರು. ಇಂಥವರ ದಾಖಲೆಯೇ ಇಷ್ಟು ಬಡವಾಗಿರುವುದು ಕಲೆಯ ಕೊರತೆಯಿಂದಲ್ಲ. ಅದು ಸರ್ಕಾರಿ ತೀರ್ಮಾನವೊಂದರ ಫಲ. 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಪಕ್ಕವಾದ್ಯವಾಗಿ ಅದನ್ನು ಮತ್ತೆ ಒಳಗೆ ಬಿಟ್ಟುಕೊಂಡದ್ದು 1971ರಲ್ಲಿ, ಅದೂ ಷರತ್ತುಗಳೊಡನೆ. ವಿಜಾಪುರೆ ಮಾಸ್ತರರ ವಯಸ್ಸಿಗೆ ಹೊಂದಿಸಿ ನೋಡಿದರೆ ಇಪ್ಪತ್ಮೂರರಿಂದ ಐವತ್ನಾಲ್ಕರವರೆಗೆ, ಬೆರಳು ಅತ್ಯಂತ ಚುರುಕಾಗಿದ್ದ ಕಾಲವೆಲ್ಲ ಆ ನಿಷೇಧದಲ್ಲೇ ಹೋಯಿತು. ಆಕಾಶವಾಣಿಯ ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಬೆಳಗಾವಿಯಿಂದ ಖಾನಾಪುರ, ಲೋಂಡಾ ಹಾದುಹೋಗುವ ರೈಲು ಹತ್ತಿದರೆ ಧಾರವಾಡವೇನೂ ದೂರವಲ್ಲ. ಆದರೆ ಪೇಟಿಯ ಪಾಲಿಗೆ ಆ ಸ್ಟುಡಿಯೋದ ಬಾಗಿಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಚ್ಚಿಯೇ ಇತ್ತು.

ಅಮೆರಿಕದ ಬೂಗಿ-ವೂಗಿ ಎಂಬ ಬ್ಲೂಸ್ ಶೈಲಿಯ ಪಿಯಾನೋ ವಾದಕರ ಕಥೆ ಇಲ್ಲಿ ನೆನಪಾಗುತ್ತದೆ. ಪೈನ್‌ಟಾಪ್ ಸ್ಮಿತ್ 1928ರ ಡಿಸೆಂಬರ್‌ನಲ್ಲಿ ಶಿಕಾಗೋದಲ್ಲಿ ತಮ್ಮ ಹೆಸರಾಂತ ಗ್ರಾಮಫೋನ್ ತಟ್ಟೆಗಾಗಿ ನುಡಿಸಿದರು. ಮೂರು ತಿಂಗಳೊಳಗೆ ತೀರಿಕೊಂಡರು. ಅದೇ ಊರಿನ ಬೇಸ್‌ಬಾಲ್ ಮೈದಾನ ನೋಡಿಕೊಳ್ಳುತ್ತಿದ್ದ ಜಿಮ್ಮಿ ಯಾನ್ಸಿ ಮೊದಲು ಧ್ವನಿಮುದ್ರಣಕ್ಕೆ ಕೂತದ್ದು 1939ರಲ್ಲಿ. ಕಂಪನಿಗಳು ಈ ಕಪ್ಪು ಕಲಾವಿದರನ್ನು ಗೌರವದಿಂದ ನಡೆಸಿಕೊಂಡವೆಂದಲ್ಲ. ಆದರೆ ಮಾರಾಟಕ್ಕೆಂದು ಒತ್ತಿದ ತಟ್ಟೆಗಳು ಜನರ ಮನೆಗಳಲ್ಲಿ ಉಳಿದವು, ಸಂಗ್ರಾಹಕರು ಹುಡುಕಿ ಮರುಮುದ್ರಿಸಿದರು. ವ್ಯಾಪಾರದ ಲೋಭ ಅಲ್ಲಿ ಉಳಿಸಿದ್ದನ್ನು ಇಲ್ಲಿ ಶಾಸ್ತ್ರಶುದ್ಧಿಯ ಹಟ ಕಳೆಯಿತು.

ಹಾರ್ಮೋನಿಯಂನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ಹೊಂದುವುದಿಲ್ಲ, ನಿಷೇಧ ಸರಿಯೇ ಇತ್ತು ಎನ್ನುವವರಿದ್ದಾರೆ. ಮಾತಿನ ಮೊದಲರ್ಧ ನಿಜ. ಪಿಯಾನೋದ ಮನೆಯ, ಅಂದರೆ ಕೀಲಿಯ, ಸ್ವರವೂ ಬಾಗುವುದಿಲ್ಲ. ಬ್ಲೂಸ್ ವಾದಕರು ಅಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಒತ್ತಿ, ಬಾಗಿದ ಸ್ವರದ ಭ್ರಮೆ ಹುಟ್ಟಿಸಿದರು. ನಮ್ಮ ಪೇಟಿಯವರು ಒಂದು ಮನೆ ಬಿಡುವ ಮೊದಲೇ ಇನ್ನೊಂದನ್ನು ಮುಟ್ಟುತ್ತಾರೆ, ತಿದಿಯ ಗಾಳಿಯನ್ನು ಏರಿಸಿ ಇಳಿಸಿ ಕೊಂಡಿ ಕೂಡಿಸುತ್ತಾರೆ. ಗಾಯಕ ತಾನ್ ಎತ್ತಿದಾಗ ಕೂದಲೆಳೆಯಷ್ಟು ಹಿಂದೆ ನಡೆಯಬೇಕು. ಉಸಿರು ತೆಗೆದುಕೊಂಡಾಗ ಆ ಖಾಲಿ ಜಾಗ ತುಂಬಬೇಕು, ಆದರೆ ಮುಂದಿನ ಜಾಗವನ್ನು ತಾನೇ ತೋರಿಸಿಬಿಡಬಾರದು. ಕೇಳದೆ ಇದು ತಿಳಿಯುವ ವಿದ್ಯೆಯಲ್ಲ. ಶಿಷ್ಯರಿದ್ದಾರಲ್ಲ, ಧ್ವನಿಮುದ್ರಣ ಏಕೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯದು. ಮಾಸ್ತರರು ಬೆಳಗಾವಿಯಲ್ಲಿ ಸಂಗೀತ ಶಾಲೆ ನಡೆಸಿ ಅನೇಕರನ್ನು ತಯಾರು ಮಾಡಿದ್ದು ನಿಜ. ಆದರೆ ಒಳ್ಳೆಯ ಶಿಷ್ಯ ಗುರುವಿನ ದಾರಿ ಹಿಡಿಯುತ್ತಾನೆಯೇ ಹೊರತು ಗುರುವಿನ ನಕಲು ಆಗುವುದಿಲ್ಲ, ಆಗಲೂಬಾರದು.

ಹಾಗಾದರೆ ಹುಡುಕಬೇಕಾದದ್ದು ರೇಡಿಯೋ ಭಂಡಾರವನ್ನಷ್ಟೇ ಅಲ್ಲ, ಮನೆಗಳನ್ನು. ಖಾಸಗಿ ಬೈಠಕ್‌ಗಳಲ್ಲಿ ರಸಿಕರು ತುಂಬಿಕೊಂಡ ಸ್ಪೂಲು, ಕ್ಯಾಸೆಟ್ಟುಗಳಲ್ಲಿ ಗಾಯಕರ ಹಿಂದೆ ಪೇಟಿಯೂ ಕೂತಿರುತ್ತದೆ. ಅಂತರ್ಜಾಲಕ್ಕೆ ಏರಿದ ಎಷ್ಟೋ ಕಛೇರಿಗಳಲ್ಲಿ ಗಾಯಕರ ಹೆಸರಷ್ಟೇ ಇದೆ, ಸಾಥಿದಾರರದು ಇಲ್ಲ. ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಈ ಕೆಲಸವನ್ನು ಬೆಳಗಾವಿಯಿಂದಲೇ ಆರಂಭಿಸಬೇಕು. ಹಳೆಯ ಟೇಪು ಬೂಷ್ಟು ಹಿಡಿಯಲು ಈ ಸೀಮೆಯ ಒಂದೆರಡು ಮಳೆಗಾಲ ಸಾಕು. ಬೆಳಗಾವಿಯಲ್ಲೋ ಖಾನಾಪುರದಲ್ಲೋ ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಕ್ಯಾಸೆಟ್ಟಿದ್ದರೆ ಎಸೆಯಬೇಡಿ. ಪೇಟಿ ನುಡಿಸಿದವರು ಯಾರೆಂದು ಬಲ್ಲ ಹಿರಿಯರು ಇರುವಾಗಲೇ ಕೇಳಿ, ಡಬ್ಬಿಯ ಮೇಲೆ ಹೆಸರು ಬರೆದಿಡಿ.