ದೇವದೂತರ ಪಾಲು

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿ ಐಲಾ ಎಂಬ ದ್ವೀಪವೊಂದಿದೆ. ಅಲ್ಲಿಯ ಪೋರ್ಟ್ ಎಲೆನ್ ಎಂಬ ಹಳೆಯ ಭಟ್ಟಿಮನೆಯ ಒಲೆ 1983ರಲ್ಲಿ ಆರಿತು. ವಿಸ್ಕಿ ಕೊಳ್ಳುವವರು ಕಡಮೆಯಾಗಿ, ದಾಸ್ತಾನು ಬೆಳೆದುಹೋಗಿತ್ತು. ಆದರೆ ತುಂಬಿಸಿಟ್ಟ ಪೀಪಾಯಿಗಳು ಉಗ್ರಾಣದ ಕತ್ತಲಲ್ಲಿ ಉಳಿದವು. ಮುಂದೆ ಅದೇ ವಿಸ್ಕಿಗಾಗಿ ರಸಿಕರು ಸೀಸೆಯೊಂದಕ್ಕೆ ಸಾವಿರ ಪೌಂಡಿಗೂ ಮಿಗಿಲಾಗಿ ತೆತ್ತರು. ಬೇಡವೆಂದು ಮುಚ್ಚಿದ್ದನ್ನು ಒಡೆಯರು 2024ರಲ್ಲಿ ಮತ್ತೆ ತೆರೆದರು. ಅಷ್ಟರಲ್ಲಿ ನಲವತ್ತು ವರ್ಷ ಕಳೆದಿತ್ತು. ಮೊದಲು ದುಡಿದ ಕೈಗಳಿಗೆ ಈ ಬೆಲೆಯಿಂದ ಬಂದ ಲಾಭವೇನು?

ಸಿಂಗಲ್ ಮಾಲ್ಟ್ ಎಂದರೆ ಒಂದೇ ಪೀಪಾಯಿಯದೆಂದು ಹಲವರು ಭಾವಿಸುವುದುಂಟು. ಅದು ಸರಿಯಲ್ಲ. ಒಂದೇ ಭಟ್ಟಿಮನೆಯಲ್ಲಿ, ಮೊಳೆತ ಬಾರ್ಲಿ, ನೀರು, ಯೀಸ್ಟ್ ಇವಿಷ್ಟರಿಂದಲೇ ಹಂಡೆಗಳಲ್ಲಿ ಇಳಿಸಿದ ಮದ್ಯವದು. ಸ್ಕಾಚ್ ಎನ್ನಿಸಿಕೊಳ್ಳಬೇಕಾದರೆ ಅದು ಸ್ಕಾಟ್ಲೆಂಡಿನಲ್ಲಿಯೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿರಬೇಕು. ಮದ್ಯಸಾರ ಶೇಕಡಾ 40ಕ್ಕೆ ಕಡಮೆಯಿರಕೂಡದು.

ನಮ್ಮ ಮನೆಗಳಲ್ಲಿ ಕೂಸಿಗೆಂದು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡುವುದಿಲ್ಲವೆ? ಬಾರ್ಲಿಗೆ ನಡೆಯುವ ಉಪಚಾರವೂ ಅದೇ. ಹಳೆಯ ಪದ್ಧತಿಯಲ್ಲಿ ನೆನೆದ ಕಾಳನ್ನು ಕಲ್ಲುಹಾಸಿನ ಮೇಲೆ ಹರಡಿ, ಸುಮಾರು ಒಂದು ವಾರ ಹಗಲಿರುಳೂ ಮರದ ಸಲಿಕೆಯಿಂದ ಮಗುಚುತ್ತಾರೆ. ಮಗುಚದಿದ್ದರೆ ಕಾಳು ಕಾವೇರಿ, ಬೇರು ಹೆಣೆದುಕೊಂಡು ಕೆಡುತ್ತದೆ. ಹೀಗೆ ವರ್ಷಗಟ್ಟಲೆ ಮಗುಚಿದವರ ಒಂದು ಭುಜ ಇಳಿಬಿದ್ದು, 'ಕೋತಿಯ ಭುಜ'ವೆಂಬ ಹೆಸರಿನ ಬೇನೆ ಬರುತ್ತಿತ್ತು. ಇಂದು ಬಹುಪಾಲು ಮಾಲ್ಟ್ ಯಂತ್ರಗಳಲ್ಲಿ ಸಿದ್ಧವಾಗುತ್ತದೆ. ಕ್ಯಾಂಪ್‌ಬೆಲ್‌ಟೌನ್ ಊರಿನ ಸ್ಪ್ರಿಂಗ್‌ಬ್ಯಾಂಕ್ ಮುಂತಾದ ಕೆಲವೇ ಮನೆಗಳು ಕಲ್ಲುಹಾಸನ್ನು ಬಿಟ್ಟಿಲ್ಲ. ಮೊಳೆತ ಕಾಳನ್ನು ಒಣಗಿಸಲು, ಜೌಗುನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಪೀಟ್ ಎಂಬ ಸಸ್ಯಮಣ್ಣನ್ನು ಸುಡುವುದುಂಟು. ಐಲಾ ವಿಸ್ಕಿಯ ಹೊಗೆಯ ಕಂಪು ಈ ಒಲೆಯದು.

ಹಂಡೆಯಿಂದ ಇಳಿದ ಮದ್ಯ ನೀರಿನಂತೆ ನಿರ್ವರ್ಣ. ಬಣ್ಣವನ್ನೂ ರುಚಿಯ ದೊಡ್ಡ ಪಾಲನ್ನೂ ಕೊಡುವುದು, ಹಿಂದೆ ಬೂರ್ಬನ್ ಅಥವಾ ಶೆರಿ ತುಂಬಿದ್ದ ಪೀಪಾಯಿಯ ಮರ. ಮಾಗುವಾಗ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟರು ಇದನ್ನು 'ದೇವದೂತರ ಪಾಲು' ಎನ್ನುತ್ತಾರೆ. ನಷ್ಟಕ್ಕೆ ಇಷ್ಟು ಸೊಗಸಾದ ಹೆಸರಿಟ್ಟ ವ್ಯಾಪಾರಿಗಳು ವಿರಳ.

ಕುಡಿಯುವುದು ಬೇರೆ, ಆಸ್ವಾದಿಸುವುದು ಬೇರೆ. ಬಲ್ಲವನು ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಸ್ವಲ್ಪವೇ ಸುರಿದು, ಮೊದಲು ಮೂಗಿಗೆ ಒಪ್ಪಿಸುತ್ತಾನೆ. ಬಳಿಕ ಕೆಲವು ಹನಿ ನೀರು ಬೆರೆಸುತ್ತಾನೆ. ನೀರು ಬೆರೆತಾಗ ಹೊಗೆಯ ಕಂಪಿಗೆ ಕಾರಣವಾದ ಗ್ವಾಯಕಾಲ್ ಎಂಬ ದ್ರವ್ಯ ಮೇಲ್ಮೈಯತ್ತ ಸರಿಯುತ್ತದೆಂದು 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಿಬ್ಬರು ಗಣಕಯಂತ್ರದ ಲೆಕ್ಕದಿಂದ ತೋರಿಸಿದರು. ಬಣ್ಣವನ್ನು ನಂಬುವಂತಿಲ್ಲ, ಸುಟ್ಟ ಸಕ್ಕರೆಯ ಬಣ್ಣ ಬೆರೆಸಲು ಕಾನೂನಿನ ಅನುಮತಿಯಿದೆ. ಸೀಸೆಯ ಮೇಲಿನ ವಯಸ್ಸನ್ನು ನಂಬಬಹುದು. ಅದು ಒಳಗಿರುವ ಮದ್ಯಗಳಲ್ಲಿ ಅತಿ ಕಿರಿಯದರ ವಯಸ್ಸು.

ಈ ಕಲೆ ಬೆಂಗಳೂರಿಗೂ ಬಂದಿದೆ. ಇಲ್ಲಿಯ ಅಮೃತ್ ಭಟ್ಟಿಮನೆ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮೊದಲು ಮಾರಾಟಕ್ಕಿಟ್ಟಿತು. ಅದಕ್ಕೆ ಸ್ಕಾಚ್ ಎಂಬ ಹೆಸರು ಸಲ್ಲದು. ಬೆಂಗಳೂರಿನ ಬಿಸಿಲಿನಲ್ಲಿ ಮದ್ಯ ಬೇಗ ಮಾಗುತ್ತದೆ. ಆದರೆ ದೇವದೂತರು ವರ್ಷಕ್ಕೆ ಶೇಕಡಾ 10ರಷ್ಟನ್ನು ಒಯ್ಯುತ್ತಾರೆ. ಬೇಗ ದೊರೆತದ್ದಕ್ಕೆ ಸುಂಕ ಹೆಚ್ಚು.

ಮದ್ಯದಿಂದ ಹಾಳಾದ ಮನೆಗಳನ್ನು ಕಂಡ ಗೃಹಿಣಿ ಇದನ್ನೋದಿ ಹುಬ್ಬು ಗಂಟಿಕ್ಕಿದರೆ ಆಕೆಯ ತಪ್ಪಿಲ್ಲ. ಹನ್ನೆರಡು ವರ್ಷ ಮಾಗಿದ್ದನ್ನು ಹನ್ನೆರಡು ನಿಮಿಷದಲ್ಲಿ ಬರಿದುಮಾಡುವವನಿಗೆ ಬಾರ್ಲಿಯೂ ಒಂದೇ, ಬಚ್ಚಲ ನೀರೂ ಒಂದೇ. ಒಂದು ಲೋಟದಲ್ಲಿ ಸಂಜೆಯನ್ನು ಕಳೆದು, ಎರಡನೆಯದನ್ನು ಕೇಳದೆ ಊಟಕ್ಕೇಳುವವನು ಮಾತ್ರ ಆ ಸಲಿಕೆ ಹಿಡಿದವನ ಭುಜದ ನೋವಿಗೆ ಬೆಲೆ ಕೊಟ್ಟಾನು.