ಒಂದನೇ ಲೆವೆಲ್‌ನಿಂದನ ಶುರು ಮಾಡ್ರಿ

ಹೋದ ದೀಪಾವಳಿಗೆ ನಮ್ಮ ಮನ್ಯಾಗ ಒಂದು ಜಗಳ ಆತು. ಫರಾಳದ ಸಲುವಾಗಿ ಅಲ್ಲ, ಸೀರಿ ಸಲುವಾಗಿನೂ ಅಲ್ಲ. ಆಟದಾಗ ಯಾವ ಲೆವೆಲ್‌ನಿಂದ ಶುರು ಮಾಡಬೇಕು ಅನ್ನೂದರ ಸಲುವಾಗಿ. ನಗಬ್ಯಾಡ್ರಿ. ಪೂರ್ತಿ ಓದಿ ಆಮ್ಯಾಲೆ ಬೇಕಾದ್ರ ನಗ್ರಿ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಾಗ ಅಮೆರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಮಾಡಿದ್ದು. ಒಬ್ಬರು ಕಥಿ ನಡಸತಾರ, ಅವರಿಗೆ ಡಂಜನ್ ಮಾಸ್ಟರ್ ಅಂತಾರ. ಉಳದವರಿಗೆ ಒಂದೊಂದು ಪಾತ್ರ. ಒಬ್ಬರು ಕತ್ತಿ ಹಿಡದವರು, ಒಬ್ಬರು ಕಳ್ಳ, ಒಬ್ಬರು ಮಂತ್ರ ಹಾಕೋ ವಿಝರ್ಡ್. ಏನರೆ ಮಾಡ್ತೇನಿ ಅಂದ್ರ 20 ಮುಖದ ದಾಳ ಒಗದು, ಆತೋ ಇಲ್ಲೋ ನೋಡೂದು. ಪಾತ್ರಕ್ಕ 1ರಿಂದ 20ರ ತನಕ ಲೆವೆಲ್ ಇರತಾವ. ಏರಿಧಂಗ ಶಕ್ತಿ ಹೆಚ್ಚು.

ನಮ್ಮ ಮಗ ಮಾಸ್ಟರ್. ಅವನ ಗೆಳ್ಯಾರಿಬ್ಬರು, ನಾನು, ಎರಡು ಓಣಿ ಆಚೆ ಇರೋ ನಮ್ಮ ವೈನಿ ಆಡೋರು. ವೈನಿಗೆ ಇದು ಮೊದಲನೇ ಸಲ. ಮಗ ಅಂದ, "ಫಸ್ಟ್ ಲೆವೆಲ್ ಭಾಳ ಬೋರ್ ಅಮ್ಮಾ, ಐದರಿಂದ ಶುರು ಮಾಡೂಣು." ಗೆಳ್ಯಾರೂ ಹೂಂ ಅಂದ್ರು. ನಾನೂ ಸುಮ್ಮನ ಕೂತೆ, ಅದು ನನ್ನ ತಪ್ಪು.

ವೈನಿಗೆ ಐದನೇ ಲೆವೆಲ್‌ನ ವಿಝರ್ಡ್ ಕೊಟ್ರು. 2014ರ ನಿಯಮದ ಪ್ರಕಾರ ಅಂಥಾ ವಿಝರ್ಡ್ ಪುಸ್ತಕದಾಗ ಕಡಿಮಿ ಅಂದ್ರ 14 ಮಂತ್ರ. ಅದರಾಗ ಇವತ್ತಿಗೆ ಯಾವ್ಯಾವು ಅಂತ ಆರಿಸ್ಕೋಬೇಕು. ಅದಲ್ಲದ ಸಣ್ಣ ಮಂತ್ರ ನಾಕು ಬ್ಯಾರೆ. ಮತ್ತ ದಿನಕ್ಕ ಮೊದಲನೇ ದರ್ಜೆದು 4 ಸಲ, ಎರಡನೇದು 3 ಸಲ, ಮೂರನೇದು 2 ಸಲ ಅಂತ ಲೆಕ್ಕ ಇಡಬೇಕು. ವೈನಿ ಕಾಗದ ತಿರುವಿ ತಿರುವಿ ನೋಡಿದ್ರು. ಹುಡುಗರು "ಮಾಮೀ, ಲಗೂನ" ಅಂದ್ರು. ಗಾಬ್ರ್ಯಾಗಿ ಕಣ್ಣಿಗೆ ಬಿದ್ದ ಫೈರ್‌ಬಾಲ್ ಅಂದುಬಿಟ್ರು. ಅದು ಬಿದ್ದಲ್ಲಿಂದ ಸುತ್ತಲೂ 20 ಅಡಿ ಸುಡತದ, ನಮ್ಮವರು ಮಂದಿ ಅಂತ ನೋಡಂಗಿಲ್ಲ. ಆರು ಮುಖದ ದಾಳ ಎಂಟು ಒಗದ್ರು. ರಾಕ್ಷಸರ ಜೋಡಿ ನಾವೂ ಸುಟ್ವಿ. ಹುಡುಗರು ಹೊಟ್ಟಿ ಹಿಡಕೊಂಡು ನಕ್ರು. ವೈನಿನೂ ನಕ್ರು. "ನಂಗ ಇದೆಲ್ಲಾ ತಿಳಿಯಂಗಿಲ್ಲ ಬಿಡ್ರೆಪಾ, ಚಹಾ ಇಡತೇನಿ" ಅಂತ ಎದ್ದು ಅಡಗಿಮನಿಗೆ ಹೋದ್ರು. ಮತ್ತ ಬಂದು ಕೂಡಲಿಲ್ಲ.

ನನ್ನ ಸಿಟ್ಟು ಇದರ ಮ್ಯಾಲೇನ. ಹೆಣ್ಣಮಕ್ಕಳು "ತಿಳಿಯಂಗಿಲ್ಲ" ಅಂತ ಎದ್ದು ಹೋಗೂದು ನಾವೆಲ್ಲಾರೂ ನೋಡೇವಿ. ಬ್ಯಾಂಕಿನ ಕಾಗದದ ಮುಂದ ಹಂಗ, ಹೊಸ ಫೋನಿನ ಮುಂದ ಹಂಗ. ತಿಳೀಲಾರದ್ದು ಅವರ ತಪ್ಪಲ್ಲ, ನಡುವಿನಿಂದ ಕಲಿಸಿದವರ ತಪ್ಪು. ಹಿಟ್ಟಿಗೆ ಬಿಸಿನೀರು ಹ್ಯಾಂಗ ಹಾಕಬೇಕು, ಎಷ್ಟು ನಾದಬೇಕು ಅಂತ ತೋರಸದ, ಮೊದಲನೇ ದಿನಾನ ಇಪ್ಪತ್ತು ಮಂದಿಗೆ ರೊಟ್ಟಿ ಬಡಿ ಅಂದ್ರ ಯಾರ ಕೈಲೆ ಆಗತದ?

"ಒಂದನೇ ಲೆವೆಲ್‌ನ್ಯಾಗ ಒಂದು ಏಟಿಗೆ ಸಾಯ್ತಾರ" ಅಂತ ಮಗ ವಾದಾ ಹಾಕಿದ. ಖರೆ ಅದ, ಒಪ್ಪತೇನಿ. ಹೊಸಾ ವಿಝರ್ಡ್‌ಗೆ ಜೀವದ ಅಂಕಿ 6, ಮೈಗಟ್ಟು ಛಲೋ ಇದ್ರ ಒಂದೆರಡು ಜಾಸ್ತಿ. ಗಾಬ್ಲಿನ್ ಅನ್ನೋ ಸಣ್ಣ ರಾಕ್ಷಸನ ಏಟು ಒಮ್ಮೊಮ್ಮೆ 8 ಬೀಳತದ, ದಾಳದಾಗ 20 ಬಂದ್ರ 14ರ ತನಕ ಹೋಗತದ. ಆದ್ರ ಗಾಬ್ಲಿನ್ ಎಷ್ಟು ಮಂದಿ ಬರಬೇಕು ಅನ್ನೂದು ಮಾಸ್ಟರ್ ಕೈಯಾಗ ಇರತದಲ್ಲಾ! ನಾಕರ ಬದಲಿ ಎರಡು ತರ್ರಿ. ಬಿದ್ದವರನ್ನ ಕೊಲ್ಲೂ ಬದಲಿ ಹಿಡಕೊಂಡು ಹೋಗಲಿ, ಬಿಡಸ್ಕೊಂಡು ಬರೂದ ಒಂದು ಕಥಿ ಆಗತದ. ಹಂಗಂತ ಮಂದಿನ್ನ ಐದನೇ ಮಾಳಿಗಿಗೆ ಎತ್ತಿ ಕೂಡಸಬ್ಯಾಡ್ರಿ.

"ಬೋರ್" ಅನ್ನೂದಂತೂ ಸುಳ್ಳು. ಎರಡನೇ ಲೆವೆಲ್‌ಗೆ ಬೇಕಾಗೂದು 300 ಅನುಭವದ ಅಂಕಿ, ಮೂರನೇದಕ್ಕ 900. ಒಂದೆರಡು ಬೈಠಕ್‌ನ್ಯಾಗ ಒಂದು ಲೆವೆಲ್ ದಾಟತದ. ಅಷ್ಟೂ ತಾಳ್ಮಿ ಇಲ್ಲೇನು? ಹೊಸಬರಿಗಂತ 2014ರಾಗ ತಂದ ಸ್ಟಾರ್ಟರ್ ಸೆಟ್ ಡಬ್ಬಿಯ ಕಥಿನೂ ಒಂದರಿಂದನ ಶುರು ಆಗಿ ಐದಕ್ಕ ಮುಟ್ಟತದ. ಆಟ ಮಾಡಿದವರಿಗೆ ತಿಳದದ್ದು ನಮ್ಮ ಮನಿ ಶಾಣ್ಯಾಗೋಳಿಗೆ ತಿಳೀಲಿಲ್ಲ.

ಮುಂದಿನ ವಾರ ನಾ ಹಟಾ ಹಿಡದು ಎಲ್ಲಾರನ್ನೂ ಒಂದಕ್ಕ ಇಳಿಸಿದೆ. ವೈನಿ ಒಬ್ಬರಿಗೇ ಒಂದು, ಉಳದವರಿಗೆ ಐದು ಅಂತ ಅಲ್ಲ, ಅದು ಇನ್ನೂ ಅವಮಾನ. ಈಗ ವೈನಿ ಪುಸ್ತಕದಾಗ ಆರs ಮಂತ್ರ, ದಿನಕ್ಕ ಎರಡ ಸಲ. ಹಾದ್ಯಾಗ ಗಾಬ್ಲಿನ್ ಅಡ್ಡ ಬಂದಾಗ ವೈನಿ ತಾವ ಓದಿ, ತಾವ ಆರಿಸಿ, ನಿದ್ದಿ ಮಂತ್ರ ಹಾಕಿದ್ರು. ಎಂಟು ಮುಖದ ದಾಳ ಐದು ಒಗದ್ರು, 23 ಬಂತು. ಗಾಬ್ಲಿನ್‌ಗೆ ತಲಾ 7 ಜೀವ. ಮೂರು ಅಲ್ಲೇ ಮಲಗಿದ್ವು. ಹುಡುಗರು ಎದ್ದು ನಿಂತು ಒದರಿದ್ರು. ಅವತ್ತ ಚಹಾ ನಮ್ಮ ಮಗ ಮಾಡಿದ.

ಎಲ್ಲಾರೂ ಪಳಗಿದವರಿದ್ರ ಮೂರರಿಂದ ಶುರು ಮಾಡ್ರಿ, ಐದರಿಂದನೂ ಮಾಡ್ರಿ, ನನ್ನ ತಕರಾರಿಲ್ಲ. ಆದ್ರ ಟೇಬಲ್ ಮ್ಯಾಲೆ ಒಬ್ಬರು ಹೊಸಬರಿದ್ರೂ ಲೆವೆಲ್ ಅವರನ್ನ ನೋಡಿ ಗೊತ್ತು ಮಾಡಬೇಕು, ಎಲ್ಲಾರಕಿಂತ ಜೋರು ಮಾತಾಡೋರನ್ನ ನೋಡಿ ಅಲ್ಲ. ನಿಮ್ಮ ಮನಿ ಹುಡುಗರು "ಐದರಿಂದ" ಅಂದ್ರ, ನನ್ನಂಗ ಸುಮ್ಮನ ಕೂಡಬ್ಯಾಡ್ರಿ.

ಅಂದಂಗ, ಈ ಬ್ಯಾಸಗಿಗೆ ವೈನಿ ತಾವ ಐದಕ್ಕ ಏರಿದ್ರು. ಫೈರ್‌ಬಾಲ್ ಹಾಕೂಕಿಂತ ಮೊದಲ ಚೌಕ ಎಣಿಸಿ ಹುಡುಗರಿಗೆ ಹೇಳತಾರ: "ಹಿಂದ ಸರೀರಿ, ಸುಟ್ಟುಗಿಟ್ಟೀರಿ."